ಡಬ್ಬಿಯ ಮೇಲೆ ನನ್ನ ಹೆಸರು

ಇವತ್ತು ಟಪಾಲು ಡಬ್ಬಿಯ ಮೇಲೆ ನನ್ನ ಹೆಸರು ಬರೆದು ಟೇಪ್ ಹಾಕಿ ಅಂಟಿಸಿದೆ. ಬರ್ಲಿನ್‌ನಲ್ಲಿ ಇದು ಸಣ್ಣ ಕೆಲಸವಲ್ಲ. ಸಾಮಾನ್ಯವಾಗಿ ಫ್ಲ್ಯಾಟ್‌ಗಳಿಗೆ ನಂಬರ್ ಇರುವುದಿಲ್ಲ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಬರುವುದಿಲ್ಲ. ಬ್ಯಾಂಕ್ ಕಾರ್ಡು, ಟ್ಯಾಕ್ಸ್ ನಂಬರು ಎಲ್ಲ ಬರುವುದು ಅಂಚೆಯಲ್ಲೇ!

ಪಕ್ಕದ ಡಬ್ಬಿಗಳಲ್ಲಿ ಟರ್ಕಿ, ಪೋಲೆಂಡ್, ವಿಯೆಟ್ನಾಂ ಕಡೆಯ ಹೆಸರುಗಳು. ಅವರೂ ಒಂದು ದಿನ ಹೀಗೇ ಬಂದವರು ಅಲ್ವಾ? ಈಗ ಇದು ಅವರದೇ ಊರು. ಯಾಕೋ ತುಂಬಾ ಧೈರ್ಯ ಬಂತು.

ಹೊಸದಾಗಿ ಬರುವವರೇ, ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರ ಸಹಿ ಇರುವ ಪತ್ರ ಮೊದಲೇ ಕೇಳಿ ಇಟ್ಟುಕೊಳ್ಳಿ. ಭಾನುವಾರ ಅಂಗಡಿಗಳು ಹೆಚ್ಚುಕಡಿಮೆ ಎಲ್ಲ ಬಂದ್. ಅಕ್ಕಿ, ಮೊಸರು ಶನಿವಾರವೇ ತಂದುಬಿಡಿ.