ಲೈಸನ್ಸ್ ಕೇಸಿನಾಗ ಅಪ್ಪ ಯಾಕ ಎರಡನೇ ಆರೋಪಿ?

‘ದಂಡ ಕಟ್ಟಿ ಕೈ ತೊಳಕೊಂಡು ಬರೂಣ ಬಿಡ್ರಿ, ಐದು ಸಾವಿರಕ್ಕ ಯಾವನು ಕೋರ್ಟಿಗೆ ಅಡ್ಡಾಡ್ತಾನ?’

ಗದಗಿನ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಈ ಮಾತು ಕೇಳದ ವಾರವಿಲ್ಲ. ಲೈಸನ್ಸ್ ಇಲ್ಲದೆ ಗಾಡಿ ಓಡಿಸಿದ ಕೇಸು ಅಂದರೆ ನಮ್ಮ ಮಂದಿಗೆ ಅದು ಕೇಸೇ ಅಲ್ಲ. ಪೊಲೀಸರು ಸುಮ್ಮನೆ ಗಾಡಿ ಹಿಡಿದದ್ದಾದರೆ ಅವರು ಹೇಳುವುದು ಖರೆ. ಆದರೆ ಅಪಘಾತ ಆಗಿ, ಯಾರದೋ ಕಾಲು ಮುರಿದಿದ್ದರೆ, ಅದೇ ಐದು ಸಾವಿರದ ರಸೀದಿ ಹೊಲದ ಉತಾರದ (ಪಹಣಿಯ) ತನಕ ಬಂದು ನಿಲ್ಲುತ್ತದೆ.

ಮುಳಗುಂದ ನಾಕಾದಲ್ಲಿ ಪೊಲೀಸರು ನಿಲ್ಲಿಸಿ ಲೈಸನ್ಸ್ ಕೇಳಿದಾಗ ‘ಮನ್ಯಾಗ ಐತ್ರಿ’ ಅನ್ನುವವನೂ ‘ತಗದೇ ಇಲ್ರಿ’ ಅನ್ನುವವನೂ ಕಾಯ್ದೆಯ ಕಣ್ಣಿಗೆ ಒಂದೇ ಅಲ್ಲ. ಮನೆಯಲ್ಲಿ ಬಿಟ್ಟು ಬಂದವನದು ಕಾಗದ ತೋರಿಸದ ತಪ್ಪು ಮಾತ್ರ. ಈಗ ಡಿಜಿಲಾಕರ್‌ನಲ್ಲೋ ಎಂ-ಪರಿವಾಹನ್ ಆ್ಯಪ್‌ನಲ್ಲೋ ತೋರಿಸಿದರೂ ನಡೆಯುತ್ತದೆ. ಲೈಸನ್ಸೇ ಇಲ್ಲದವನ ಮೇಲೆ ಮೋಟಾರು ವಾಹನ ಕಾಯ್ದೆಯ 3ನೇ ಕಲಮು, ಶಿಕ್ಷೆಗೆ 181. ಮೊದಲು ಇದಕ್ಕೆ 500 ರೂಪಾಯಿವರೆಗಿನ ದಂಡ ಇತ್ತು. 2019ರ ಸೆಪ್ಟೆಂಬರ್ 1ರಿಂದ 5,000 ಆಯಿತು, ಮೂರು ತಿಂಗಳವರೆಗಿನ ಜೈಲೂ ಜೊತೆಗಿದೆ. ಜೈಲಿಗೆ ಹೋದವರನ್ನು ನಾನಂತೂ ನೋಡಿಲ್ಲ. ಅಲ್ಲೇ ರಾಜಿ ದಂಡ ಕಟ್ಟಿದರೆ 200ನೇ ಕಲಮಿನ ಪ್ರಕಾರ ಕೇಸು ಕೋರ್ಟಿನ ಮುಖವನ್ನೇ ನೋಡುವುದಿಲ್ಲ.

ಅವಧಿ ಮುಗಿದ ಲೈಸನ್ಸ್ ಬೇರೆ ಕಥೆ. ಮೊದಲು ಮುಗಿದ ಮೇಲೂ 30 ದಿನ ಅದಕ್ಕೆ ಜೀವ ಇರುತ್ತಿತ್ತು; 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ನವೀಕರಣಕ್ಕೆ ಒಂದು ವರ್ಷ ಟೈಮ್ ಇದೆಯಲ್ಲ ಎಂದು ಆರಾಮ ಅಡ್ಡಾಡುವವರು ಬಹಳ. ಆ ವರ್ಷ ಅರ್ಜಿ ಹಾಕಲಿಕ್ಕೆ ಕೊಟ್ಟದ್ದು, ಗಾಡಿ ಓಡಿಸಲಿಕ್ಕಲ್ಲ. ವರ್ಷ ದಾಟಿತೋ, ಮತ್ತೆ ಟೆಸ್ಟ್ ಕೊಡಬೇಕು.

ಈಗ ಕೋರ್ಟಿನೊಳಗಿನ ಮಾತು. ಮುಳಗುಂದದ ಕಡೆಯ ಒಬ್ಬ ರೈತ, ಅವನ ಮಗ. ಮಗನಿಗೆ ಇಪ್ಪತ್ತು ದಾಟಿತ್ತು, ಲೈಸನ್ಸ್ ಇರಲಿಲ್ಲ. ಅಪ್ಪನ ಬೈಕು ತಗೊಂಡು ಹೋಗಿ, ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರಿಗೆ ಹಾಯಿಸಿದ. ತೊಡೆಯ ಎಲುಬು ಮುರಿಯಿತು. ಚಾರ್ಜ್‌ಶೀಟ್ ಬಂದಾಗ ಮಗ ಒಂದನೇ ಆರೋಪಿ: ಅಡ್ಡಾದಿಡ್ಡಿ ಓಡಿಸಿದ್ದಕ್ಕೆ, ಗಾಯ ಮಾಡಿದ್ದಕ್ಕೆ, ಜೊತೆಗೆ 181. ಎರಡನೇ ಆರೋಪಿ ಅಪ್ಪ. ಆರ್‌ಸಿ ಅವನ ಹೆಸರಿಗೆ ಇತ್ತಲ್ಲ, ಲೈಸನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಎಂದು 5 ಮತ್ತು 180ನೇ ಕಲಮು. ಅದಕ್ಕೂ ದಂಡ 5,000ವೇ.

ಸಮನ್ಸ್ ಬಂತು. ಅಪ್ಪ-ಮಗ ಇಬ್ಬರೂ ಬಂದರು. ಹೆಸರು ಕೂಗಿದರು, ಕಟಕಟೆಗೆ ಹೋಗಿ ನಿಂತರು, ಆರೋಪ ಓದಿ ಹೇಳಿದರು. ‘ಒಪ್ಪಿಕೊಳ್ಳುತ್ತೀರಾ?’ ಮಗ ‘ಹೌದ್ರಿ’ ಅಂದ. ಅಪ್ಪನೂ ‘ಹೌದ್ರಿ’ ಅಂದ. ದಂಡ ಕಟ್ಟಿದರು, ಊರ ಬಸ್ಸು ಹಿಡಿದರು. ಆರೋಪಿ ಆಡಿದ ಮಾತನ್ನು ಆದಷ್ಟು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೂ (ಸಿಆರ್‌ಪಿಸಿ) ಹೇಳುತ್ತಿತ್ತು, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯೂ ಹೇಳುತ್ತದೆ. ‘ಹೌದ್ರಿ’ಗಿಂತ ಹೆಚ್ಚು ಮಾತನ್ನು ಇವರು ಆಡಿದ್ದರೆ ತಾನೆ ಬರೆದುಕೊಳ್ಳುವುದು?

ಅವರು ನಮ್ಮ ವಕೀಲ ಸಾಹೇಬರ ಹತ್ತಿರ ಬಂದದ್ದು ಅದಾದ ಮೇಲೆ, ಕೈಯಲ್ಲಿ ಎಂವಿಸಿ, ಅಂದರೆ ಅಪಘಾತ ಪರಿಹಾರದ ಕೇಸಿನ ನೋಟಿಸು ಹಿಡಿದುಕೊಂಡು. ಗಾಯಾಳು ಪರಿಹಾರ ಕೇಳಿ ಅಪಘಾತ ಪರಿಹಾರದ ಟ್ರಿಬ್ಯುನಲ್‌ಗೆ ಹೋಗಿದ್ದರು. ಬೈಕಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ‘ಕಂಪನಿಯವರು ಕೊಡ್ತಾರಲ್ರಿ?’ ಎಂದು ಅಪ್ಪ ಧೈರ್ಯದಿಂದಲೇ ಕೇಳಿದ. ಸಾಹೇಬರು ಕೀಲಿ ಎಲ್ಲಿತ್ತು ಎಂದು ಕೇಳಿದರು. ‘ನಾ ಹೊಲಕ್ಕ ಹೋಗಿದ್ದೆರಿ. ಕೀಲಿ ಪಡಸಾಲ್ಯಾಗ ಗೂಟಕ್ಕ ಇತ್ತು. ಅವ ಹೇಳದ ಕೇಳದ ಒಯ್ದಾನ್ರಿ.’ ‘ಮತ್ತ ಕೋರ್ಟಿನಾಗ ಇದನ್ನ ಯಾಕ ಹೇಳಲಿಲ್ಲ?’ ‘ಯಾರೂ ಕೇಳಲಿಲ್ರಿ. ಒಪ್ಪತೀರೇನು ಅಂದ್ರು. ಮಗಾ ಮಾಡ್ಯಾನ, ಒಪ್ಪಲೇಬೇಕಲ್ರಿ.’

ಸಾಹೇಬರು ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. ಅವರು ಹಾಗೆ ಮಾಡಿದರೆ ಕೇಸು ಬಿಗಿಯಾಗಿದೆ ಎಂದೇ ನಾನು ಲೆಕ್ಕ ಹಾಕುವುದು.

ಅಪಘಾತ ಮಾಡಿದವನಿಗೆ ಲೈಸನ್ಸ್ ಇರಲಿಲ್ಲ ಎಂಬುದಷ್ಟರಿಂದಲೇ ವಿಮಾ ಕಂಪನಿ ಪಾರಾಗುವುದಿಲ್ಲ. ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಮಾಲಕ ಪಾಲಿಸಿಯ ಷರತ್ತು ಮುರಿದ, ಲೈಸನ್ಸ್ ಇದ್ದವರೇ ಓಡಿಸುವಂತೆ ನೋಡಿಕೊಳ್ಳುವಲ್ಲಿ ಅವನದೇ ನಿರ್ಲಕ್ಷ್ಯ ಇತ್ತು ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು. ಸಾಬೀತಾದರೂ ಗಾಯಾಳುವನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕಂಪನಿ ಮೊದಲು ಹಣ ಕೊಡಲಿ, ಆಮೇಲೆ ಮಾಲಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶ ಆಗುತ್ತದೆ. ಕೋರ್ಟಿನಲ್ಲಿ ಇದಕ್ಕೆ ‘ಪೇ ಅಂಡ್ ರಿಕವರಿ’ ಅಂತಾರೆ. 2020ರಲ್ಲಿ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಪೂರ್ಣಪೀಠವೇ ಕೂತು ಇದನ್ನು ಗಟ್ಟಿ ಮಾಡಿದೆ. ಗಾಯಾಳುವಿನ ಮಟ್ಟಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನ್ನ ತಕರಾರಿಲ್ಲ.

ಆದರೆ ಮಾಲಕನ ನಿರ್ಲಕ್ಷ್ಯವನ್ನು ಕಂಪನಿ ಹೇಗೆ ಸಾಬೀತು ಮಾಡುತ್ತದೆ? ಪಡಸಾಲೆಯ ಗೂಟಕ್ಕೆ ಕೀಲಿ ಇತ್ತೋ, ಅಪ್ಪನೇ ಕೈಯಲ್ಲಿ ಕೊಟ್ಟನೋ ಕಂಪನಿಯವರಿಗೆ ಹೇಗೆ ಗೊತ್ತಾಗಬೇಕು? ಈ ಅಪ್ಪನ ಕೇಸಿನಲ್ಲಿ ಅವರಿಗೆ ಆ ತ್ರಾಸೇ ಬೀಳಲಿಲ್ಲ. 180ನೇ ಕಲಮಿನ ಆರೋಪವೇ ‘ಗಾಡಿ ಓಡಿಸಲು ಬಿಟ್ಟ’ ಎಂಬುದು. ಅದನ್ನು ಒಪ್ಪಿ ದಂಡ ಕಟ್ಟಿದ ಆದೇಶದ ನಕಲು ತೆಗೆಸಿ ಹಾಜರು ಮಾಡಿದರು, ಮುಗಿಯಿತು. ಕ್ರಿಮಿನಲ್ ಕೋರ್ಟಿನ ಆದೇಶ ಟ್ರಿಬ್ಯುನಲ್ಲಿನ ಕೈ ಕಟ್ಟಿಹಾಕುವುದಿಲ್ಲ ಎಂದು ನಮ್ಮ ಸಾಹೇಬರು ಬಹಳ ವಾದ ಮಾಡಿದರು. ಅಪ್ಪ ಸಾಕ್ಷಿ ಕಟ್ಟೆ ಹತ್ತಿ ಗೂಟದ ಕಥೆಯನ್ನೂ ಹೇಳಿದ. ‘ಹಾಗಾದರೆ ಆವತ್ತು ಯಾಕೆ ಒಪ್ಪಿಕೊಂಡಿರಿ?’ ಎಂಬ ಪಾಟಿ ಸವಾಲಿಗೆ ಉತ್ತರ ಬರಲಿಲ್ಲ. ಕಂಪನಿ ಗಾಯಾಳುವಿಗೆ ಕೊಟ್ಟಿತು, ಈಗ ಆ ಲಕ್ಷಗಳನ್ನು ಇವನಿಂದ ವಸೂಲು ಮಾಡುತ್ತಿದೆ. ಉತಾರದ ಮಾತು ಬಂದದ್ದು ಇಲ್ಲಿ.

ಇನ್ನೊಂದು ಥರದವರೂ ಇದ್ದಾರೆ. ಲೈಸನ್ಸ್ ಇದ್ದೂ ತನಿಖಾಧಿಕಾರಿ ನೋಟಿಸು ಕೊಟ್ಟಾಗ ಹಾಜರು ಮಾಡಿರುವುದಿಲ್ಲ. ಆಸ್ಪತ್ರೆಯ ಗದ್ದಲದಲ್ಲಿ ಪಾಕೀಟು ಕಳೆದಿರುತ್ತದೆ, ಇಲ್ಲವೇ ಹೆದರಿಕೆಗೆ ಸ್ಟೇಷನ್ನಿನ ಕಡೆ ಹಾಯ್ದೇ ಇರುವುದಿಲ್ಲ. ಪೊಲೀಸರು ಚಾರ್ಜ್‌ಶೀಟಿಗೆ 181 ಸೇರಿಸಿಬಿಡುತ್ತಾರೆ. ಇಂಥವರೂ ಕಟಕಟೆಯಲ್ಲಿ ‘ಹೌದ್ರಿ’ ಅಂದು ಬಂದದ್ದನ್ನು ಕಂಡಿದ್ದೇನೆ! ಸರಕಾರದ ಸಾರಥಿ ಪೋರ್ಟಲ್‌ನಲ್ಲಿ ನಂಬರು ಹಾಕಿದರೆ ಲೈಸನ್ಸ್ ಕಾಣುತ್ತದೆ. ಒಂದು ಪ್ರಿಂಟು ತೆಗೆಸಿ ವಕೀಲರ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಹದಿನೆಂಟು ತುಂಬದ ಹುಡುಗರ ಕೇಸಿನಲ್ಲಿ ಕಾಯ್ದೆ ಇನ್ನೂ ಖಡಕ್. 199ಎ ಪ್ರಕಾರ ಪಾಲಕರಿಗೆ ಅಥವಾ ಮಾಲಕರಿಗೆ ಗೊತ್ತಿದ್ದೇ ಕೊಟ್ಟಿದ್ದಾರೆ ಎಂದು ಕೋರ್ಟು ಹಿಡಿಯುತ್ತದೆ. ಇಲ್ಲ ಎಂದು ತೋರಿಸುವ ಹೊಣೆ ಅವರದೇ. ಮೂರು ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು, ಹುಡುಗನಿಗೆ 25 ವರ್ಷ ಆಗುವ ತನಕ ಲೈಸನ್ಸ್ ಇಲ್ಲ. ಇದು ರಸ್ತೆಯಲ್ಲೇ ರಾಜಿಯಾಗುವ ಕೇಸೂ ಅಲ್ಲ. ಟ್ಯೂಷನ್ನಿಗೆ ಹೋಗಲಿ ಎಂದು ಹತ್ತನೆತ್ತೆಯ ಮಗನ ಕೈಗೆ ಸ್ಕೂಟಿ ಕೊಡುವವರು ಬೆಟಗೇರಿಯಲ್ಲೂ ಇದ್ದಾರೆ, ನನ್ನ ಓಣಿಯಲ್ಲೂ ಇದ್ದಾರೆ.

ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರುವ ಸಣ್ಣ ಗೂಡ್ಸ್ ಗಾಡಿಯವರಿಗೆ ಮಾತ್ರ ಒಂದು ಸಮಾಧಾನದ ಸುದ್ದಿ ಇದೆ. ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ‘ಬ್ಯಾಡ್ಜ್ ಇರಲಿಲ್ಲ’, ಅಂದರೆ ಸರಕು ಗಾಡಿ ಓಡಿಸಲು ಲೈಸನ್ಸಿನಲ್ಲಿ ಬೇರೆ ಅನುಮತಿ ಇರಲಿಲ್ಲ ಎಂದು ಕಂಪನಿಯವರು ತೆಗೆಯುತ್ತಿದ್ದ ತಕರಾರಿನ ಹಲ್ಲು ಅಂದಿಗೆ ಮುರಿಯಿತು.

ಮೊನ್ನೆ ಶಿರಹಟ್ಟಿ ಕಡೆಯ ಇನ್ನೊಬ್ಬ ಅಪ್ಪ ಬಂದಿದ್ದ. ಅವನದೂ ಅದೇ ಥರದ ಕೇಸು, ಆದರೆ ಸಮನ್ಸ್ ಕೈಗೆ ಬಂದ ದಿನವೇ ಬಂದ. ಸಾಹೇಬರು ಮಗನಿಗೆ ‘ಲೈಸನ್ಸ್ ಇಲ್ಲದ್ದು ಖರೆ ಐತಿ, 181 ಅಷ್ಟ ಒಪ್ಕೊ. ಉಳಿದದ್ದಕ್ಕ ಸಾಕ್ಷಿ ನಡೀಲಿ’ ಅಂದರು. ಅಪ್ಪನಿಗೆ ಒಪ್ಪಬೇಡ ಅಂದರು. ತಾರೀಖಿಗೆ ತಾರೀಖು ಬರಬೇಕಾಯಿತು, ಬಿತ್ತಿಗೆ ದಿನದಲ್ಲಿ ಬಂದಾಗೊಮ್ಮೆ ಅವನು ನನ್ನನ್ನೇ ಬೈದ. ಕಡೆಗೆ ತನಿಖಾಧಿಕಾರಿಯ ಪಾಟಿ ಸವಾಲು. ‘ಗಾಡಿಯ ಕೀಲಿ ಎಲ್ಲಿತ್ತು, ಯಾರು ಕೊಟ್ಟರು ಎಂದು ಮನೆಯವರ ಹೇಳಿಕೆ ತಗೊಂಡಿದ್ದೀರಾ?’ ‘ಇಲ್ಲ.’ ‘ಅಪ್ಪನೇ ಕೊಟ್ಟದ್ದನ್ನು ನೋಡಿದವರು ಯಾರಾದರೂ ಇದ್ದಾರಾ?’ ‘ಇಲ್ಲ.’ 180ರಿಂದ ಅಪ್ಪ ಬಿಡುಗಡೆಯಾದ. ಎಂವಿಸಿ ಇನ್ನೂ ನಡೆದಿದೆ. ವಿಮಾ ಕಂಪನಿಯವರು ಆರ್‌ಟಿಒ ಸಾಕ್ಷಿಗೆ ಸಮನ್ಸ್ ಹಾಕಿಸಿದ್ದಾರೆ. ಮಗನಿಗೆ ಲೈಸನ್ಸ್ ಇರಲಿಲ್ಲ ಎಂಬುದನ್ನು ಆ ಸಾಕ್ಷಿ ಹೇಳುತ್ತದೆ. ಕೀಲಿಯ ಬಗ್ಗೆ ಹೇಳುವ ಸಾಕ್ಷಿಯನ್ನು ಅವರು ಇನ್ನೂ ಹುಡುಕಬೇಕು.