ಕೂಸಿನ ಕೌದಿಗೆ ಬೂದು ದಾರ

"ಕೂಸಿನ ಕೌದಿಗೆ ಬೂದಿ ಬಣ್ಣಾನ?"

ಭಾನುವಾರ ಸಂಜೆಯಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದವರು ಕೆಳಗಿನ ಮನೆಯ ಕಾಕು, ಅಂದರೆ ಚಿಕ್ಕಮ್ಮ ಅನ್ನೋ ಹಾಗೆ. ವಿಜಯಪುರದ ಕಡೆಯವರು, ಪುಣೆಗೆ ಬಂದು 30 ವರ್ಷ ಆಯಿತು. ಒಳ್ಳೆಯವರೇ, ನನಗೆ ಜ್ವರ ಬಂದರೆ ಗಂಜಿ ಮಾಡಿ ಮೇಲೆ ತಂದುಕೊಡುತ್ತಾರೆ. ಆದರೆ ಅಂಗಡಿಯಿಂದ ತಂದಿದ್ದು, ಮಷಿನ್ನಿನಲ್ಲಿ ಮಾಡಿದ್ದು ಎಲ್ಲ ಅವರ ಲೆಕ್ಕದಲ್ಲಿ ಅರ್ಧ ಮೋಸ.

ತಂಗಿಗೆ ಮಗು ಆಗಿದೆ. ತೊಟ್ಟಿಲು ಶಾಸ್ತ್ರಕ್ಕೆ ಶಿವಮೊಗ್ಗಕ್ಕೆ ಹೋಗುವಾಗ ಹಳೇ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ, ಒಂದು ಪುಟ್ಟ ಕೌದಿ ಹೊಲಿದುಕೊಂಡು ಹೋಗೋಣ ಅಂತ ನನ್ನ ಆಸೆ. ಅಮ್ಮನ ಹಳೇ ಕಾಟನ್ ಸೀರೆಗಳು, ಕಾಕುವೇ ಕೊಟ್ಟ ಇಳಕಲ್ ಸೀರೆಯ ತುಂಡು. ದಾಳಿಂಬೆ ಕೆಂಪು, ಗಿಳಿ ಹಸಿರು, ಅರಿಶಿನ, ಕಡುನೀಲಿ, ಮತ್ತೆ ಒಗೆದೂ ಒಗೆದೂ ಹೆಸರೇ ಹೇಳಲಾಗದಂತೆ ಆಗಿರುವ ಇನ್ನೊಂದು ಬಣ್ಣ. ಚೌಕಗಳನ್ನು ಜೋಡಿಸಿದ್ದಾಯಿತು. ಒಳಗೆ ಹಳೇ ಬೆಡ್‌ಶೀಟ್, ಅಡಿಗೆ ಅಸ್ತರು, ಮೂರನ್ನೂ ಹಿಡಿದು ಮೇಲಿಂದ ಗೆರೆ ಗೆರೆ ಹೊಲಿಗೆ ಓಡಿಸಬೇಕು. ತೊಂದರೆ ಇರೋದೇ ಇಲ್ಲಿ. ಒಂದು ಗೆರೆ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ 9 ಚೌಕ ದಾಟುತ್ತದೆ. ಚೌಕಕ್ಕೊಂದು ದಾರ ಬದಲಾಯಿಸುತ್ತಾ ಕೂತರೆ ಮಗು ಶಾಲೆಗೆ ಹೋಗುವ ಹೊತ್ತಿಗೆ ಕೌದಿ ಮುಗಿದೀತು.

ಎಲ್ಲ ಬಣ್ಣಕ್ಕೂ ಹೊಂದುವ ಒಂದೇ ದಾರ ಬೇಕಿತ್ತು. ಹಾಗಾಗಿ ಪುಣೆಯ ರವಿವಾರ ಪೇಠೆ ಅನ್ನೋ ಮಾರುಕಟ್ಟೆಗೆ ಹೋಗಿ "ಗ್ರೇ ದ್ಯಾ", ಗ್ರೇ ಕೊಡಿ ಅಂದೆ. ಅಂಗಡಿಯವರು "ಕುಠಲಾ ಗ್ರೇ, ತಾಈ?", ಯಾವ ಗ್ರೇ ಅಕ್ಕಾ ಅಂತ, ದಾರದ ಬಣ್ಣಗಳ ಶೇಡ್ ಕಾರ್ಡ್ ಮುಂದಿಟ್ಟರು. ಎಣಿಸಿದೆ, 11 ಗ್ರೇ! ನಾನು ಸುಮ್ನೆ ಒಂದು ರೀಲು ತೋರಿಸಿದೆ. ಅವರು ಕೊಡಲಿಲ್ಲ. ಬಟ್ಟೆ ತಂದಿದ್ದೀರಾ ಅಂತ ಕೇಳಿ, ಚೀಲದಿಂದ ತುಂಡುಗಳನ್ನು ತೆಗೆಸಿ, ರೀಲಿನಿಂದ ಒಂದು ಗೇಣು ದಾರ ಎಳೆದು ಬಟ್ಟೆಯ ಮೇಲೆ ಹಾಗೇ ಇಳಿಬಿಟ್ಟರು. ರೀಲಿನಲ್ಲಿ ಇದ್ದಿಲಿನಂತೆ ಕಾಣುತ್ತಿದ್ದದ್ದು ಒಂಟಿ ಎಳೆಯಾದ ಕೂಡಲೇ ಎಷ್ಟು ತಿಳಿಯಾಯಿತು! ಆಮೇಲೆ ಟ್ಯೂಬ್‌ಲೈಟ್ ನಂಬಬೇಡಿ ಅಂತ ನನ್ನನ್ನು ಮೆಟ್ಟಿಲವರೆಗೆ ಕಳಿಸಿದರು. ಬಿಸಿಲಲ್ಲಿ ನೋಡಿದರೆ ಒಂದು ಗ್ರೇಯಲ್ಲಿ ನೀಲಿ ಛಾಯೆ, ಇನ್ನೊಂದರಲ್ಲಿ ಸ್ವಲ್ಪ ಹಳದಿ. ಒಳಗೆ ಎರಡೂ ಒಂದೇ ಥರ ಇದ್ದವು. ಒಂದೆರಡು ರೀಲು ಕೊಳ್ಳುವ ಗಿರಾಕಿಗೆ ಇಷ್ಟು ತಾಳ್ಮೆ ಯಾರು ತೋರಿಸುತ್ತಾರೆ ಹೇಳಿ. ನಮ್ಮ ಬಡಾವಣೆಯ ಅಂಗಡಿಯವನಾದರೆ ಕೈಗೆ ಸಿಕ್ಕಿದ್ದು ಕೊಟ್ಟು ಫೋನ್ ನೋಡುತ್ತಾ ಕೂರುತ್ತಾನೆ.

ಬಿಳಿ ದಾರ ಕಡುನೀಲಿಯ ಮೇಲೆ ಹಲ್ಲು ಕಿರಿದ ಹಾಗೆ ಕಂಡಿತು. ಕಪ್ಪು ಅರಿಶಿನದ ಮೇಲೆ ಗೀಚಿದ ಹಾಗೆ. ಕಣ್ಣಿಗೆ ಕುಕ್ಕುವುದು ಬಣ್ಣಕ್ಕಿಂತ ಜಾಸ್ತಿ ತಿಳಿ-ಗಾಢದ ಅಂತರ. ಗ್ರೇ ಆ ಎರಡರ ನಡುವೆ ಎಲ್ಲೋ ಇರುತ್ತದೆ, ಅದಕ್ಕೇ ಯಾರ ಪಕ್ಕ ಕೂರಿಸಿದರೂ ಜಗಳ ಇಲ್ಲ. ನನ್ನ ತುಂಡುಗಳಲ್ಲಿ ಕೆಂಪು, ಹಳದಿ ಹೆಚ್ಚು, ಹಾಗಾಗಿ ಹಳದಿ ಛಾಯೆಯ ಮಧ್ಯಮ ಗ್ರೇ ಆರಿಸಿದೆ. 50 ನಂಬರಿನ ಕಾಟನ್. ನಂಬರ್ ಹೆಚ್ಚಾದಷ್ಟು ದಾರ ತೆಳು, 40 ಇದಕ್ಕಿಂತ ದಪ್ಪ. ಮಷಿನ್ನಿನ ಕೆಳಗಿನ ದಾರ ಸುತ್ತುವ ಬಾಬಿನ್ನಿಗೂ ಅದೇ ದಾರ. ದಾರದ ಬಿಗಿ, ಅಂದರೆ ಟೆನ್ಶನ್, ಸ್ವಲ್ಪ ತಪ್ಪಿ ಕೆಳಗಿನ ದಾರ ಚುಕ್ಕಿ ಚುಕ್ಕಿಯಾಗಿ ಮೇಲೆ ಬಂದರೂ ಗೊತ್ತಾಗುವುದಿಲ್ಲ. ನನ್ನ ಮಷಿನ್ ವಿಷಯದಲ್ಲಿ ಆ ಮುನ್ನೆಚ್ಚರಿಕೆ ಬೇಕೇ ಬೇಕು.

ಇಷ್ಟೆಲ್ಲ ಗೆದ್ದು ಬಂದ ಖುಷಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದೆ. ಕಾಕು ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಏನ್ ತಂದಿ?" ಅಂದರು. "ದಾರ ಕಾಕು, ಬೂದು ಬಣ್ಣ" ಅಂದೆ. ತಲೆ ಎತ್ತದೆ ಅಂದರು, "ಕೂಸಿನ ಕೌದಿಗೆ ಬೂದಿ ಬಣ್ಣಾನ?"

ಬೈಗುಳ ಏನಲ್ಲ. ಸೊಪ್ಪು ಬಿಡಿಸುತ್ತಲೇ ಇದ್ದರು. ಆದರೆ ಆ 'ಬೂದಿ' ಇದೆಯಲ್ಲ, ಅದನ್ನು ಹೇಳಿದ ರೀತಿ! ತಪ್ಪು ನನ್ನದೇ. ಗ್ರೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮರಾಠಿಯವರಿಗೂ ಇದು 'ರಾಖಾಡೀ', ಅಲ್ಲೂ ರಾಖ್ ಅಂದರೆ ಬೂದಿಯೇ. ಆದರೂ ಅಂಗಡಿಯವರು ಗ್ರೇ ಅಂದೇ ಮಾತಾಡಿದರು. ಬುದ್ಧಿವಂತರು.

ಉತ್ತರ ಹೊಳೆದಿದ್ದು ರಾತ್ರಿ ಹಾಸಿಗೆಯಲ್ಲಿ, ಯಾವಾಗಲೂ ಹಾಗೇ ಅಲ್ವಾ. ಕಾಕು ದಿನಾ ಸ್ನಾನ ಮಾಡಿ ಹಣೆಗೆ ಮೂರು ಬೆರಳು ಎಳೆಯುವುದು ಏನನ್ನು? ಕೂಸು ಹಟ ಹಿಡಿದು ಅತ್ತರೆ ದೃಷ್ಟಿ ಆಯಿತು ಅಂತ ಮೊದಲು ಹಚ್ಚುವುದು ಏನನ್ನು? ಹೊಸ ಮನೆಯ ಬಾಗಿಲಿಗೆ ತೂಗುಹಾಕುವ ಬೂದುಗುಂಬಳ? ನಮ್ಮಜ್ಜಿ ಪಾತ್ರೆ ಫಳಫಳ ಬೆಳಗಿದ್ದೂ ಒಲೆಯ ಬೂದಿಯಲ್ಲೇ. ಅದೇ ಬೂದಿ ಹಣೆಗೆ ಬಂದರೆ ವಿಭೂತಿ, ದಾರಕ್ಕೆ ಬಂದರೆ ಅಪಶಕುನ. ಎದ್ದು ಕೆಳಗೆ ಹೋಗಿ ಕೇಳಿಬಿಡಲೇ ಅನ್ನಿಸಿತು. ಗಂಟೆ ಒಂದಾಗಿತ್ತು. ಗಂಡ, "ದಾರದ ವಿಷಯಕ್ಕೆ ಇಷ್ಟು ಹೊತ್ತು ಎಚ್ಚರಾನಾ?" ಅಂತ ಮಗ್ಗುಲು ಬದಲಾಯಿಸಿದರು. ಅವರಿಗೆ ಎಲ್ಲ ಗ್ರೇಯೂ ಒಂದೇ, ಅವರ ಪ್ಯಾಂಟುಗಳನ್ನು ನೋಡಿದರೆ ಗೊತ್ತಾಗುತ್ತದೆ.

ಬುಧವಾರ ಹೊಲಿದು ಮುಗಿಸಿ, ಸ್ವಲ್ಪ ಜಂಬದಿಂದಲೇ ಒಯ್ದು ತೋರಿಸಿದೆ. ಕಾಕು ಕನ್ನಡಕ ಏರಿಸಿ ಬೆರಳಿಂದ ಸವರಿ ನೋಡಿದರು. "ಹೊಲಿಗಿ ಎಲ್ಲೈತಿ?"

"ಕಾಣಬಾರದು ಅಂತಲೇ ಕಾಕು ಈ ದಾರ."

"ಕಾಣಬಾರ್ದಂದ್ರ ಹೊಲಿಯೂದ್ಯಾಕ?"

ಇದಕ್ಕೆ ಹಾಸಿಗೆಯಲ್ಲೂ ಉತ್ತರ ಹೊಳೆಯಲಿಲ್ಲ. ಅವರ ಮಂಚದ ಮೇಲಿನ ಕೌದಿಯಲ್ಲಿ ಬಿಳಿ ದಾರ ಇರುವೆ ಸಾಲಿನ ಹಾಗೆ ಅಂಚಿನಿಂದ ನಡುವಿಗೆ ಸುತ್ತಿಕೊಂಡು ಹೋಗುತ್ತದೆ. ಒಂದೊಂದು ಟಾಕನ್ನೂ ಎಣಿಸಬಹುದು. ಒಂದು ಮೂಲೆಯಲ್ಲಿ ಟಾಕು ಉದ್ದುದ್ದ ಇದೆ, ಅದು ಅವರ ನಾದಿನಿ ಹೊಲಿದದ್ದಂತೆ, ಅವಳಿಗೆ ಯಾವಾಗಲೂ ಅವಸರ ಅಂತ ಈಗಲೂ ಬೈಯುತ್ತಾರೆ. ನನ್ನ ಗೆರೆಗಳು ಅರಿಶಿನ ಚೌಕದ ಹತ್ತಿರ ಎರಡು ಕಡೆ ಡೊಂಕು. ಬೂದು ದಾರದ ದಯೆಯಿಂದ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಕಾಕುವಿನ ಬೆರಳು ಸರಿಯಾಗಿ ಅಲ್ಲೇ ನಿಂತಿತು. ಏನೂ ಅನ್ನಲಿಲ್ಲ. ಕೌದಿ ಮಡಚಿ ತಮ್ಮ ಮಡಿಲಿಗೆ ಹಾಕಿಕೊಂಡು, ಡಬ್ಬಿಯಿಂದ ಕೆಂಪು ದಾರ ತೆಗೆದರು. ಸುತ್ತ ಅಂಚಿಗೆ ಒಂದು ಸಾಲು ಹಾಕಿಕೊಡ್ತೀನಿ, ನಾಳೆ ಬಾ ಅಂದರು.

ಇವತ್ತು ಶನಿವಾರ. ಬೆಳಿಗ್ಗೆ ಕೇಳಿದೆ, ಇನ್ನೂ ಒಂದು ಬದಿ ಉಳಿದಿದೆಯಂತೆ.