ಮೊಂತಿ ಹಬ್ಬದ ಬೆಳಗ್ಗೆ

ಎಲ್ಲರಿಗೂ ಮೊಂತಿ ಹಬ್ಬದ ಶುಭಾಶಯ. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನ ಹುಟ್ಟಿದ ದಿನ, ನಮ್ಮ ಮಂಗಳೂರು ಕಡೆ ತೆನೆ ಹಬ್ಬ ಕೂಡ. ಹಬ್ಬಕ್ಕೆ ಮುಂಚಿನ ನೊವೆನಾ ಪ್ರಾರ್ಥನೆಯ ಒಂಬತ್ತು ದಿನವೂ ಹೂ ತಂದ ಮಕ್ಕಳಿಗೆ ಇವತ್ತು ಪೂಜೆ ಮುಗಿದ ಮೇಲೆ ಕಬ್ಬು ಸಿಕ್ಕಿತು. ಅವರ ಭಕ್ತಿಯಲ್ಲಿ ಕಬ್ಬಿನ ಪಾಲೆಷ್ಟು ಅಂತ ನಾನು ಕೇಳಲಿಕ್ಕೆ ಹೋಗುವುದಿಲ್ಲ.

ನನಗೆ ಹಬ್ಬ ಅಂದರೆ ಮೆರವಣಿಗೆ, ಅದರಲ್ಲೂ ಬ್ಯಾಂಡು. ರಾತ್ರಿ ಮಳೆಗೆ ಅಂಗಳವೆಲ್ಲ ರಾಡಿ. ಕ್ಲಾರಿನೆಟ್ಟಿನ ಹಿರಿಯರು ಪ್ಯಾಂಟು ಮಡಚಿಕೊಂಡು, ಹೊಂಡ ತಪ್ಪಿಸುತ್ತಲೇ ಒಂದು ಸ್ವರ ಬಿಡದೆ ನುಡಿಸಿದರು. ಟ್ರಂಪೆಟ್ ಒಂದೆರಡು ಕಡೆ ಅಪಸ್ವರ ಹಿಡಿಯಿತು, ಇರಲಿ. ಇಗರ್ಜಿಯೊಳಗೆ ಸ್ಪೀಕರಿನಲ್ಲಿ ಬರುವ ಶುದ್ಧ ಕೀರ್ತನೆಗಿಂತ ಗದ್ದೆ ಬದಿಯ ಈ ಗದ್ದಲದಲ್ಲೇ ನನ್ನ ಪ್ರಾರ್ಥನೆ ಸಲೀಸಾಗಿ ಬರುತ್ತದೆ. ಫಾದರ್ ಆಶೀರ್ವದಿಸುವ ತೆನೆ ಆ ಮಣ್ಣಿನದ್ದೇ ತಾನೆ?

ಈಗ ತೆನೆ ಮನೆಗೆ ಬಂದಿದೆ. ಅಮ್ಮ ಹಸಿ ಭತ್ತ ಸುಲಿದು, ಅರೆದು ಪಾಯಸಕ್ಕೆ ಹಾಕುತ್ತಿದ್ದಾರೆ. ಇವತ್ತು ಮೀನಿಲ್ಲ, ಮಾಂಸವಿಲ್ಲ, ಬಾಳೆ ಎಲೆ ತುಂಬ ತರಕಾರಿ. ಎಲೆ ತೊಳೆಯುವ ಕೆಲಸ ನನ್ನದಂತೆ, ಕರೆಯುತ್ತಿದ್ದಾರೆ.